ಅಪ್ಪನ ಜಾತ್ರೆ ಮತ್ತು ಆಯಿಯ ಐದು ಸೇರು ಜೋಳ

ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಕಲಬುರಗಿಯಲ್ಲಿ, ನಮ್ಮ ಕಡೆಯವರು ಅಪ್ಪ ಎಂದೇ ಕರೆಯುವ ಮಹಾದಾಸೋಹಿ ಶರಣಬಸವೇಶ್ವರರ ರಥೋತ್ಸವ ನಡೆಯುತ್ತದೆ. ಅಷ್ಟೊತ್ತಿಗೆ ನಮ್ಮ ಭಾಗದಲ್ಲಿ ಬಿಳಿಜೋಳದ ಕೊಯ್ಲು ಮುಗಿದು, ರಾಶಿಯಾಗಿ, ಕಾಳು ಮನೆ ಸೇರಿರುತ್ತದೆ, ಬಿಸಿಲು ಜೋರಾಗಿರುತ್ತದೆ. ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ವರ್ಷ ಮುಗಿಯುವುದೂ ಮತ್ತೊಂದು ವರ್ಷ ಹಿಡಿಯುವುದೂ ಈ ಜಾತ್ರೆಯಿಂದಲೇ ಆಗಿತ್ತು. ಮಕ್ಕಳು ಹುಟ್ಟಿದ್ದು, ಸೊಸೆಯಂದಿರು ಮನೆ ತುಂಬಿದ್ದು, ಎತ್ತು ಕೊಂಡದ್ದು, ಬಾವಿ ತೋಡಿಸಿದ್ದು ಎಲ್ಲವನ್ನೂ ಅವಳು ‘ಅಪ್ಪನ ಜಾತ್ರಿ ಹಿಂದ’, ‘ಅಪ್ಪನ ಜಾತ್ರಿ ಮುಂದ’ ಎಂದೇ ಲೆಕ್ಕ ಇಡುತ್ತಿದ್ದಳು.

ಅವಳು ಹುಟ್ಟಿದ ತಾರೀಖು ಎಲ್ಲಿಯೂ ಬರೆದಿಟ್ಟಿರಲಿಲ್ಲ. 1948ರಲ್ಲಿ ನಿಜಾಮರ ಪರ ನಿಂತಿದ್ದ ರಜಾಕಾರರ ಪಡೆಯ ಹಾವಳಿಗೆ ಅಂಜಿ ಊರಿನ ಹೆಂಗಸರು ಮಕ್ಕಳೆಲ್ಲ ಸಜ್ಜೆಯ ಹೊಲದಲ್ಲಿ ಅಡಗಿ ಕುಳಿತಾಗ, ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಓಡುವಷ್ಟು ದೊಡ್ಡವಳಿದ್ದೆ ಎಂದು ಹೇಳುತ್ತಿದ್ದುದರಿಂದ, ತೀರಿಕೊಳ್ಳುವಾಗ ತೊಂಬತ್ತರ ಸಮೀಪದಲ್ಲಿದ್ದಳೆಂದು ನಾವು ಅಂದಾಜು ಮಾಡಿದ್ದೇವೆ. ನಿಜಾಮರ ಆಳ್ವಿಕೆಯಲ್ಲಿ ಕಣ್ಣು ಬಿಟ್ಟ ಆಯಿ, 2014ರ ನವೆಂಬರ್ 1ರಂದು ಗುಲಬರ್ಗಕ್ಕೆ ಕಲಬುರಗಿ ಎಂಬ ಹೆಸರು ಅಧಿಕೃತವಾಗಿ ಬಂದುದನ್ನೂ ಕಂಡಳು. ಅವಳ ಬಾಯಲ್ಲಿ ಮಾತ್ರ ಅದು ಮೊದಲಿನಿಂದಲೂ ಕಲಬುರ್ಗಿಯೇ, ಅಪ್ಪನ ಊರೇ.

ನಸುಕಿನಲ್ಲೇ ಎದ್ದು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ ಅವಳು ಒಲೆಯ ಮುಂದೆ ಕುಳಿತರೆ, ರೊಟ್ಟಿ ಬಡಿಯುವ ಸಪ್ಪಳಕ್ಕೇ ಮನೆಗೆಲ್ಲ ಎಚ್ಚರವಾಗುತ್ತಿತ್ತು. ಜೋಳದ ಹಿಟ್ಟಿಗೆ ಕುದಿನೀರು ಬೆರೆಸಿ, ಪರಾತದಲ್ಲಿ ಅಂಗೈ ಬುಡದಿಂದ ನಾದಿ, ತಟ್ಟುತ್ತ ತಿರುಗಿಸುತ್ತ ಅಗಲ ಮಾಡಿ, ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಿದ್ದಳು. ತೊಗರಿ ಕಟ್ಟಿಗೆಯ ಉರಿ ಹೆಚ್ಚಾದರೆ ಒಂದೆರಡು ಕಟ್ಟಿಗೆ ಹಿಂದಕ್ಕೆಳೆಯುವಳು. ಮರುಕ್ಷಣವೇ ಕೈ ಮತ್ತೆ ಹಿಟ್ಟಿಗೆ ಮರಳುತ್ತಿತ್ತು. ಮೊದಲ ರೊಟ್ಟಿಯನ್ನು ಬುಟ್ಟಿಗೆ ಹಾಕದೆ ಬೇರೆ ಇಡುತ್ತಿದ್ದಳು. ಭಿಕ್ಷೆಗೆ ಬರುವ ಜಂಗಮರಿಗೋ, ಬಾಗಿಲಿಗೆ ಬಂದ ಯಾರೋ ಹಸಿದವರಿಗೋ ಅದು ಸಲ್ಲಬೇಕಿತ್ತು. ಮಧ್ಯಾಹ್ನದವರೆಗೂ ಯಾರೂ ಬಾರದಿದ್ದರೆ ದನಕ್ಕೆ ಹೋಗುತ್ತಿತ್ತೇ ವಿನಾ ನಮ್ಮ ತಾಟಿಗೆ ಬೀಳುತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟರೆ ಕಳೆ ತೆಗೆಯುವುದು, ತೊಗರಿ ಕೊಯ್ಯುವುದು, ಹೊತ್ತು ಮುಳುಗುವ ಹೊತ್ತಿಗೆ ತಲೆಯ ಮೇಲೆ ಮೇವಿನ ಹೊರೆಯೊಂದಿಗೆ ಬರುವುದು. ಮುತ್ಯಾ, ಅಂದರೆ ಅಜ್ಜ, ಬೇಗನೆ ತೀರಿಕೊಂಡಿದ್ದರಿಂದ ಮಕ್ಕಳನ್ನು ಬೆಳೆಸುವ ಭಾರವೂ, ಸಾಲ ತೀರಿಸಿ ಹೊಲ ಉಳಿಸಿಕೊಳ್ಳುವ ಭಾರವೂ ಅವಳ ಮೇಲೆಯೇ ಬಿದ್ದಿದ್ದವು.

1972ರ ಬರಗಾಲವನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಮರೆತಿಲ್ಲ. ಆ ವರ್ಷ ಆಯಿ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಕಲ್ಲು ಒಡೆದಳು. ಬಾವಿ ನೀರಿದ್ದವರ ಹೊಲದಲ್ಲಿ ಕೊಯ್ಲು ಮುಗಿದ ಮೇಲೆ ಅಕ್ಕಲು ಆರಿಸಿದಳು. ಬಿದ್ದ ತೆನೆಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದು, ಕೈಯಿಂದಲೇ ಉಜ್ಜಿ, ಕೇರಿ, ಅಂಬಲಿ ಕಾಯಿಸಿ ಮಕ್ಕಳಿಗೆ ಕುಡಿಸಿದಳು. ಆಗಲೇ ಶರಣಬಸವಪ್ಪನಿಗೆ ಹರಕೆ ಹೊತ್ತದ್ದು: ಮಳೆ ಬಂದು ಹೊಲ ಬೆಳೆದರೆ, ಪ್ರತಿ ವರ್ಷ ಹೊಸ ಜೋಳದಲ್ಲಿ ಐದು ಸೇರು ಅಪ್ಪನ ದಾಸೋಹಕ್ಕೆ. ಬೆಳ್ಳಿ ತೊಟ್ಟಿಲನ್ನಾಗಲಿ, ಬಂಗಾರದ ಕಣ್ಣನ್ನಾಗಲಿ ಅವಳು ಹರಕೆಯಾಗಿ ಹೇಳಲಿಲ್ಲ, ಜೋಳ ಹೇಳಿದಳು ಎಂಬುದನ್ನು ನಾನು ಅನೇಕ ಸಲ ಯೋಚಿಸಿದ್ದೇನೆ. ಹಸಿವಿನ ಕಾಲದಲ್ಲಿ ಹೊತ್ತ ಆ ಹರಕೆ ಇನ್ನೊಬ್ಬರ ಹಸಿವಿನ ಕಡೆಗೇ ತಿರುಗಿತ್ತು.

ಶರಣಬಸವೇಶ್ವರರು ಹುಟ್ಟಿದ್ದು 1746ರಲ್ಲಿ, ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಕಲಬುರಗಿಗೆ ಬಂದು ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದರು. ಒಕ್ಕಲುತನ ಮಾಡುತ್ತಿದ್ದ ಅವರ ಜೋಳದ ಹೊಲಕ್ಕೆ ಹಕ್ಕಿಗಳು ಮುತ್ತಿದಾಗ, ಅವುಗಳನ್ನು ಓಡಿಸದೆ ಹೊಟ್ಟೆ ತುಂಬ ತಿನ್ನಲು ಬಿಟ್ಟು, ಕುಡಿಯಲೆಂದು ಗಡಿಗೆಗಳಲ್ಲಿ ನೀರನ್ನೂ ಇಟ್ಟರೆಂಬ ಕಥೆಯನ್ನು ನಮ್ಮ ಭಾಗದ ಮಕ್ಕಳೆಲ್ಲ ಕೇಳಿಯೇ ಬೆಳೆದವರು. ರಾಶಿ ಮಾಡಿದಾಗ ಉಳಿದವರಿಗಿಂತ ಅವರಿಗೇ ಹೆಚ್ಚು ಕಾಳು ಬಂದಿತೆಂದು ಕಥೆ ಮುಗಿಯುತ್ತದೆ. ಪುರಾಣ ಹೇಳುವವರು ಆ ಪವಾಡದ ಹತ್ತಿರ ಬಂದಾಗ ದನಿ ಎತ್ತರಿಸುತ್ತಾರೆ. ನನಗಾದರೋ ಆ ನೀರಿನ ಗಡಿಗೆಗಳೇ ದೊಡ್ಡವೆನಿಸುತ್ತವೆ. ಕಾಳು ತಿಂದ ಜೀವಕ್ಕೆ ನೀರಡಿಕೆಯೂ ಆಗುತ್ತದೆಂದು ಮುಂದಾಗಿ ಯೋಚಿಸಿದ ಆ ಅಂತಃಕರಣವೇ ದಾಸೋಹದ ಬೇರು ಎಂದು ನಾನು ನಂಬಿದ್ದೇನೆ, ಮತ್ತು ಹಾಗೆ ನಂಬಲು ಕಾರಣ ಆಯಿ.

ಅವಳು ಯಾರಿಗೇ ಉಣ್ಣಲು ಬಡಿಸಲಿ, ತಾಟಿಗಿಂತ ಮೊದಲು ನೀರಿನ ಚರಿಗೆ ಬರುತ್ತಿತ್ತು. ಕೂಲಿಗೆ ಬಂದ ಹೆಣ್ಣುಮಕ್ಕಳಿಗೂ ಅದೇ ನಿಯಮ, ಊರ ಗೌಡರಿಗೂ ಅದೇ. ಜಾತ್ರೆಯ ದಿನಗಳಲ್ಲಿ ನಮ್ಮ ಊರ ಮುಂದಿನ ದಾರಿಯಿಂದ ಕಲಬುರಗಿಗೆ ನಡೆದು ಹೋಗುವ ಭಕ್ತರಿಗಾಗಿ ಬೇವಿನ ಮರದ ಕೆಳಗೆ ಎರಡು ಹರವಿ ಹೂಳಿಸಿ, ಸುತ್ತ ಉಸುಕು ಹಾಕಿ ತೋಯಿಸಿ, ತಾನೇ ಕೂತು ನೀರು ಕೊಡುತ್ತಿದ್ದಳು. ಹೊಲದಲ್ಲಿ ಬಾವಿಯ ಕಡೆಯ ಕೊನೆಯ ಸಾಲನ್ನು ಎಂದೂ ಕೊಯ್ಯಗೊಡಲಿಲ್ಲ. ಹೀಗೆ ಬಿಟ್ಟರೆ ನಮಗೇ ಕಡಿಮೆಯಾಗುತ್ತದಲ್ಲ ಎಂದು ಸಣ್ಣವನಿದ್ದಾಗ ನಾನು ಕೇಳಿದ್ದಕ್ಕೆ, ‘ಹಕ್ಕಿಗೋಳಿಗಿ ಹೊಲ ಎಲ್ಲದ ತಮ್ಮಾ? ನಮ್ಮ ಹೊಲದಾಗೇ ತಿನ್ನಬೇಕಲ್ಲ ಅವು’ ಎಂದಳು. ಬಿದ್ದ ತೆನೆಗಳನ್ನು ಆಳುಗಳು ಬಳಿದು ತರಲು ಹೊರಟರೂ ತಡೆಯುತ್ತಿದ್ದಳು. ಅಕ್ಕಲಿಗೆ ಬರುವವರು ಬರಿಗೈಲಿ ಹೋಗಬಾರದು ಎಂಬುದು, ಒಮ್ಮೆ ಅಕ್ಕಲು ಆರಿಸಿ ಮಕ್ಕಳನ್ನು ಸಾಕಿದ ಅವಳಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕಥೆ ಓದುವಾಗೆಲ್ಲ ನನ್ನ ಕಣ್ಣ ಮುಂದೆ ಬರುವುದು ಆಯಿಯ ಮುಖವೇ.

ಜಾತ್ರೆಗೆ ಅವಳೊಂದಿಗೆ ಹೋಗುವುದೆಂದರೆ ಮೊದಲು ಅಪ್ಪನ ಕೆರೆಯ ಕಡೆ ಕೈಮುಗಿದು, ಗುಡಿಯಲ್ಲಿ ಶರಣರ ಮತ್ತು ಅವರ ಗುರುವಿನ ಜೋಡುಮೂರ್ತಿಯ ದರ್ಶನ ಮಾಡಿ, ಜೋಳದ ಗಂಟನ್ನು ದಾಸೋಹಕ್ಕೆ ಒಪ್ಪಿಸಿ, ಸಂಜೆ ತೇರು ಸಾಗುವಾಗ ಉತ್ತತ್ತಿ ಎಸೆಯುವುದು. ಪೀಠಾಧಿಪತಿಗಳು ಶರಣರ ನೆನಪಿನ ಪರುಷ ಬಟ್ಟಲನ್ನು ಎತ್ತಿ ತೋರಿಸುವ ಗಳಿಗೆಗೆ ಅವಳು ನನ್ನ ಹೆಗಲ ಮೇಲೆ ಕೈಯೂರಿ ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದಳು. ಕೊನೆಯ ವರ್ಷಗಳಲ್ಲಿ ಮೊಣಕಾಲು ನಡೆಯಗೊಡದಾಗ, ಮನೆಯ ಪಡಸಾಲೆಯಲ್ಲಿ ಕೂತು ಜೋಳ ಕೇರಿ, ಒಂದು ಹರಳೂ ಇಲ್ಲದಂತೆ ಹಸನು ಮಾಡಿ, ಗಂಟು ಕಟ್ಟಿ ಕೊಡುತ್ತಿದ್ದಳು. ಎಷ್ಟು ಮಂದಿಗೆ ಅನ್ನ ಹಾಕಿದಿ ಆಯಿ ಎಂದು ಯಾರಾದರೂ ಹೊಗಳಿದರೆ ಅವಳಿಗೆ ಸಿಟ್ಟೇ ಬರುತ್ತಿತ್ತು: ‘ನಾ ಏನ್ ಹಾಕೀನಿ? ಹೊಲ ಅವಂದು, ಮಳಿ ಅವಂದು. ಮುಟ್ಟಿಸೋದಷ್ಟೇ ನನ್ನ ಕೆಲಸ.’

ಸುಗ್ಗಿ ಇನ್ನೂ ದೂರವಿದ್ದ ಒಂದು ಶ್ರಾವಣ ಸೋಮವಾರ ಅವಳು ಲಿಂಗೈಕ್ಯಳಾದಳು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರೂ ಹತ್ತಿರವಿದ್ದರು.

ಆ ನಂತರದ ಜಾತ್ರೆಗೆ ಜೋಳ ಹಸನು ಮಾಡುವ ಕೆಲಸವನ್ನು ಅವ್ವ ಮತ್ತು ಚಿಕ್ಕವ್ವ ಹಂಚಿಕೊಂಡರು. ಬೆಂಗಳೂರಿನಲ್ಲಿರುವ ನನ್ನ ಕಾಕಾನ ಮಕ್ಕಳು, ದಾಸೋಹಕ್ಕೆ ರೊಕ್ಕ ಕಳಿಸುತ್ತೇವೆ ಎಂದು ಭಕ್ತಿಯಿಂದಲೇ ಕೇಳಿದಾಗ, ನಮ್ಮ ಅಪ್ಪ ಬೇಡವೆನ್ನಲಿಲ್ಲ. ಆದರೆ ಆಯಿಯ ಹರಕೆ ಕಾಳಿನದು, ಅದು ನಮ್ಮ ಹೊಲದಲ್ಲಿ ಬೆಳೆದು ನಮ್ಮ ಮನೆಯವರ ಕೈ ಹಾಯ್ದೇ ಹೋಗಬೇಕು ಎಂದರು. ಹಾಗಾಗಿ ಬರುವ ಎಳ್ಳಮಾವಾಸ್ಯೆಗೆ, ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಅವರೆಲ್ಲ ಊರಿಗೆ ಬರುವುದೆಂದೂ, ಬಾವಿಯ ಕಡೆಯ ಸಾಲನ್ನು ತಮ್ಮ ಮಕ್ಕಳಿಗೆ ತೋರಿಸುವುದೆಂದೂ, ಕೊಯ್ಲಿಗೆ ಪ್ರತಿ ಮನೆಯಿಂದ ಒಬ್ಬರಾದರೂ ಕುಡುಗೋಲು ಹಿಡಿಯುವುದೆಂದೂ ಮಾತಾಗಿದೆ. ಹರವಿಗಳಲ್ಲಿ ಒಂದು ಈ ಬೇಸಿಗೆಯಲ್ಲಿ ಸೀಳಿದೆ. ಜಾತ್ರೆಗೆ ಮೊದಲು ಹೊಸದನ್ನು ತರುವ ಕೆಲಸ ನನ್ನ ಪಾಲಿಗೆ ಬಂದಿದೆ.