ಮೇ ಬುಶ್ ಪಾತ್ರಪಟ್ಟಿ: ಲಾರೆಲ್–ಹಾರ್ಡಿ ಭಾಗ ಮುಗಿದಿದೆ

1927ರ 'ಲವ್ ಎಮ್ ಅಂಡ್ ವೀಪ್'ನಿಂದ 1936ರ 'ದಿ ಬೊಹೀಮಿಯನ್ ಗರ್ಲ್'ವರೆಗೆ ಹಾಲಿವುಡ್‌ನ ಹಾಸ್ಯಜೋಡಿ ಲಾರೆಲ್–ಹಾರ್ಡಿಯ ಜೊತೆ ನಟಿ ಮೇ ಬುಶ್ ನಟಿಸಿದ್ದು 13 ಚಿತ್ರಗಳಲ್ಲಿ. ತಟ್ಟೆ-ಬಟ್ಟಲು ಎಸೆಯುವ ಗಯ್ಯಾಳಿ ಹೆಂಡತಿ ಎಂದೇ ಅವರಿಗೆ ಹೆಸರು. ಆದರೆ ಪಟ್ಟಿ ಹಾಕಿ ನೋಡಿದರೆ, ಅವರು ಹಾರ್ಡಿಯ ಹೆಂಡತಿಯಾಗಿರುವುದು ನಾಲ್ಕರಲ್ಲಿ ಮಾತ್ರ: 'ಅನಕಸ್ಟಮ್ಡ್ ಆಸ್ ವಿ ಆರ್', 'ದೇರ್ ಫಸ್ಟ್ ಮಿಸ್ಟೇಕ್', 'ಸನ್ಸ್ ಆಫ್ ದಿ ಡೆಸರ್ಟ್', 'ದಿ ಬೊಹೀಮಿಯನ್ ಗರ್ಲ್'. ಉಳಿದ ಒಂಬತ್ತರಲ್ಲಿ ಅವರ ಕೆಲಸವೇ ಬೇರೆ. 'ಆಲಿವರ್ ದಿ ಏಯ್ತ್'ನಲ್ಲಿ ಆಲಿವರ್ ಎಂಬ ಹೆಸರಿನವರನ್ನೇ ಹುಡುಕಿ ಕೊಲ್ಲುವ ಶ್ರೀಮಂತ ವಿಧವೆ. 'ಕಮ್ ಕ್ಲೀನ್'ನಲ್ಲಿ ನೀರಿಗೆ ಹಾರಿದವಳನ್ನು ಮೇಲೆತ್ತಿದ ತಪ್ಪಿಗೆ ಇಬ್ಬರಿಗೂ ಗಂಟುಬೀಳುವ ಹೆಂಗಸು. 'ಗೋಯಿಂಗ್ ಬೈ-ಬೈ!'ನಲ್ಲಿ ಜೈಲಿನಿಂದ ತಪ್ಪಿಸಿಕೊಂಡವನ ಪ್ರೇಯಸಿ. ಅದಕ್ಕಾಗಿಯೇ ಪಾತ್ರದ ಹೆಸರಿನ ಪಕ್ಕದಲ್ಲಿ 'ಕಥೆಗೆ ಅವಳಿಂದ ಆಗುವುದೇನು' ಎಂಬ ಕಲಮನ್ನು ಸೇರಿಸಿದ್ದೇವೆ. ಇಡೀ ಪಟ್ಟಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಕಲಮು ಅದೇ.

ಲೆಕ್ಕ ತಪ್ಪುವ ಮೊದಲ ಜಾಗ ಶೀರ್ಷಿಕೆ. 'ಸನ್ಸ್ ಆಫ್ ದಿ ಡೆಸರ್ಟ್' ಬ್ರಿಟನ್‌ನಲ್ಲಿ 'ಫ್ರೆಟರ್ನಲಿ ಯುವರ್ಸ್' ಎಂದು ಬಂತು. 'ಆಲಿವರ್ ದಿ ಏಯ್ತ್'ಗೆ ಅಲ್ಲಿ 'ದಿ ಪ್ರೈವೇಟ್ ಲೈಫ್ ಆಫ್' ಎಂಬ ಮಾತು ಮೊದಲಿಗೆ ಸೇರಿತು. ಎರಡೂ ಕಡೆಯ ಹೆಸರು ಎಣಿಸಿದರೆ 13 ಇದ್ದದ್ದು 15 ಆಗುತ್ತದೆ.

ಮರುನಿರ್ಮಾಣದ ಗೋಜಲು ಇನ್ನೂ ದೊಡ್ಡದು. 'ಲವ್ ಎಮ್ ಅಂಡ್ ವೀಪ್' ಮೂಕಿಚಿತ್ರದಲ್ಲಿ ಬ್ಲ್ಯಾಕ್‌ಮೇಲ್‌ಗೆ ಸಿಕ್ಕಿಬೀಳುವ ವ್ಯಾಪಾರಿಯ ಪಾತ್ರ ನಟ ಜೇಮ್ಸ್ ಫಿನ್ಲೇಸನ್ ಅವರದು. ಹಾರ್ಡಿಯದು ಚಿಕ್ಕ ಪಾತ್ರ. 1931ರ ಟಾಕಿ 'ಚಿಕನ್ಸ್ ಕಮ್ ಹೋಮ್'ನಲ್ಲಿ ಆ ವ್ಯಾಪಾರಿ ಹಾರ್ಡಿಯಾಗಿ, ಫಿನ್ಲೇಸನ್ ಬಟ್ಲರ್ ಆದರು. ಬ್ಲ್ಯಾಕ್‌ಮೇಲ್ ಮಾಡುವ ಹಳೇ ಗೆಳತಿ ಮಾತ್ರ ಎರಡರಲ್ಲೂ ಮೇ ಬುಶ್. 'ಚಿಕನ್ಸ್ ಕಮ್ ಹೋಮ್'ನ ಸ್ಪ್ಯಾನಿಷ್ ಆವೃತ್ತಿ 'ಪೊಲಿಟಿಕೆರಿಯಾಸ್'ನಲ್ಲಿ ಆ ಪಾತ್ರ ರೀನಾ ದೆ ಲಿಗ್ವೋರೋ ಅವರದು; ಅದನ್ನು ಈ ಪಟ್ಟಿಗೆ ಹಾಕಬಾರದು. 'ದೆಮ್ ದಾರ್ ಹಿಲ್ಸ್' (1934), 'ಟಿಟ್ ಫಾರ್ ಟ್ಯಾಟ್' (1935) ಮರುನಿರ್ಮಾಣವಲ್ಲ, ಒಂದರ ಮುಂದುವರಿಕೆ ಇನ್ನೊಂದು. ಎರಡರಲ್ಲೂ ಮೇ ಬುಶ್ ನಟ ಚಾರ್ಲಿ ಹಾಲ್‌ನ ಪಾತ್ರದ ಹೆಂಡತಿ. ಆದ್ದರಿಂದ ಸಾಲು ಎರಡು, ಪಾತ್ರ ಒಂದು.

ಅವಧಿ ಬರೆಯುವಾಗ ನಿಮಿಷದ ಜೊತೆ ರೀಲಿನ ಸಂಖ್ಯೆಯೂ ಬೇಕು. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟು. ಸೆಕೆಂಡಿಗೆ 24 ಚೌಕಟ್ಟಿನಂತೆ 1000 ಅಡಿಯ ತುಂಬು ರೀಲು ಸುಮಾರು 11 ನಿಮಿಷ ಓಡುತ್ತದೆ, 20ರ ವೇಗದಲ್ಲಾದರೆ 13 ನಿಮಿಷ ದಾಟುತ್ತದೆ. 24ರ ಚಿತ್ರವನ್ನು 25ಕ್ಕೆ ಏರಿಸಿದ ಪಾಲ್ (ಯುರೋಪ್, ಭಾರತದಲ್ಲಿ ಬಳಸಿದ ಟಿವಿ ಪದ್ಧತಿ) ಡಿವಿಡಿಯಲ್ಲಿ 20 ನಿಮಿಷದ ಟಾಕಿ 19 ನಿಮಿಷ 12 ಸೆಕೆಂಡಿಗೆ ಮುಗಿಯುತ್ತದೆ. ದೃಶ್ಯ ಕತ್ತರಿಸಿದ್ದಾರೆಂದು ಗಾಬರಿಯಾಗುವ ಮೊದಲು ಈ ಭಾಗಾಕಾರ ಮಾಡಬೇಕು. ಸ್ಥಾಯಿಯೂ ಏರುವುದರಿಂದ ಮೇ ಬುಶ್ ಅವರ ದನಿ ಇದ್ದದ್ದಕ್ಕಿಂತ ಕೀರಲಾಗಿ ಕೇಳುತ್ತದೆ. ಅವರ ದನಿಯ ಬಗ್ಗೆ ಬರೆಯುವವರು ಆ ಪ್ರತಿಯನ್ನು ನೆಚ್ಚಬಾರದು.

'ಅನಕಸ್ಟಮ್ಡ್ ಆಸ್ ವಿ ಆರ್' (1929) ಜೋಡಿಯ ಮೊದಲ ಟಾಕಿ. ಧ್ವನಿ ಫಿಲ್ಮಿನ ಮೇಲಲ್ಲದೆ ಗ್ರಾಮಫೋನಿನಂಥ ಬೇರೆ ತಟ್ಟೆಯಲ್ಲಿದ್ದದ್ದರಿಂದ, ಆ ತಟ್ಟೆಗಳು ಸಿಗುವವರೆಗೆ ದಶಕಗಳ ಕಾಲ ಜನ ನೋಡಿದ್ದು ಮೂಕ ಪ್ರತಿ. ಹಳೆಯ ಬರಹಗಳು ಅದನ್ನು ಮೂಕಿಯಂತೆ ವರ್ಣಿಸಿದ್ದರೆ ಕಾರಣ ಇದು.

ಪಟ್ಟಿಯಲ್ಲಿ ಮುಂದಿನದು ಕೀಸ್ಟೋನ್ ಸ್ಟುಡಿಯೋದ 1915ರ ಕಿರುಚಿತ್ರಗಳು, ಆಮೇಲೆ ಗಂಭೀರ ಚಿತ್ರಗಳು. 'ದಿ ಅನ್‌ಹೋಲಿ ತ್ರೀ' ಸೇರಿಸುವವರು ವರ್ಷ ನೋಡಿಯೇ ಸೇರಿಸಿ: 1925ರದರಲ್ಲಿ ರೋಸಿ ಪಾತ್ರ ಮೇ ಬುಶ್, 1930ರ ಟಾಕಿಯಲ್ಲಿ ಲೈಲಾ ಲೀ.