ಸುರಂಗದ ಆ ಕಡೆಯೂ ಹೆಲಿಕಾಪ್ಟರ್

ಮೂರು ತಿಂಗಳಿಂದ ಒಂದು ಸೈನ್ಸ್ ಫಿಕ್ಷನ್ ಕಥೆ ಬರೆಯುತ್ತಿದ್ದೇನೆ. ಮುಗಿಯುತ್ತಿಲ್ಲ. ಕಾಸರಗೋಡಿನ ಪೆರ್ಲದ ಕಡೆಯ ಹುಡುಗನೊಬ್ಬ ಮನೆ ಹಿಂದಿನ ಸುರಂಗಕ್ಕೆ ಮೇಣದ ಬತ್ತಿ ಹಿಡಿದು ನುಗ್ಗುತ್ತಾನೆ. ನಮ್ಮಲ್ಲಿ ಸುರಂಗ ಅಂದರೆ ರೈಲು ಹೋಗುವುದಲ್ಲ, ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದದ್ದು. ಬೆನ್ನು ಬಗ್ಗಿಸಿಯೇ ಹೋಗಬೇಕು. ಬತ್ತಿ ಆರಿತೆಂದರೆ ಒಳಗೆ ಗಾಳಿ ಸಾಲದು, ವಾಪಸು ಬರಬೇಕು. ನನ್ನ ಹುಡುಗ ಬತ್ತಿ ಆರಿದರೂ ಬರುವುದಿಲ್ಲ. ಬೇರೆ ಲೋಕದಲ್ಲಿ ಹೊರಬೀಳುತ್ತಾನೆ.

ಆ ಲೋಕದಲ್ಲಿ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿಲ್ಲ. ಚಂದ್ರಗಿರಿ ಹೊಳೆಯೇ ಗಡಿ. ಬಸ್ಸಿನ ಬೋರ್ಡೆಲ್ಲ ಕನ್ನಡದಲ್ಲಿ! ತಮಾಷೆ ಅಂದರೆ, ಅಮೆರಿಕದ ಭೌತವಿಜ್ಞಾನಿ ಹ್ಯೂ ಎವರೆಟ್ ಬರೆದ ಪ್ರಬಂಧ ಅಚ್ಚಾದದ್ದು ಅದರ ಮರುವರ್ಷ, 1957ರಲ್ಲಿ. ಅಣುವಿನ ಮಟ್ಟದಲ್ಲಿ ಅಳತೆ ಮಾಡಿದಾಗ ಸಾಧ್ಯವಿರುವ ಉತ್ತರಗಳೆಲ್ಲ ನಿಜವಾಗುತ್ತವೆ, ಒಂದೊಂದೂ ಬೇರೆ ಬೇರೆ ಕವಲಿನಲ್ಲಿ ಅನ್ನುವುದು ಅವರ ಲೆಕ್ಕ. ಕವಲುಗಳ ನಡುವೆ ಓಡಾಟ ಮಾತ್ರ ಇಲ್ಲ. ಸುರಂಗ ನನ್ನ ಕಳ್ಳದಾರಿ. ಕಥೆ ಅಲ್ವಾ!

ತೊಡಕಾಗಿರುವುದು ಹೆಲಿಕಾಪ್ಟರ್. ನಮ್ಮ ಎಣ್ಮಕಜೆ ಕಡೆ ಗೇರು ತೋಟಗಳಿಗೆ ಎರಡು ದಶಕ ಅದರಲ್ಲೇ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಮದ್ದು. ಮಕ್ಕಳಾಗಿದ್ದ ನಾವು ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಬಾವಿಗಾದರೆ ಮಡಲು ಮುಚ್ಚಬಹುದು. ತೋಡಿಗೆ ಏನು ಮುಚ್ಚುವುದು? ಮನುಷ್ಯರ ಮೇಲೆ ಪ್ರಯೋಗ ಮಾಡುವ ಮೊದಲು ಅವರ ಒಪ್ಪಿಗೆ ಬೇಕೇ ಬೇಕು ಅಂತ 1947ರ ನ್ಯೂರೆಂಬರ್ಗ್ ಸಂಹಿತೆ ಶುರುವಾಗುತ್ತದೆ. ನಮ್ಮಲ್ಲಿ ನಡೆದದ್ದಕ್ಕೆ ಪ್ರಯೋಗ ಅನ್ನುವ ಹೆಸರಿರಲಿಲ್ಲ. ಹಾಗಾಗಿ ಯಾರೂ ಕೇಳಲೂ ಇಲ್ಲ.

ಗಡಿ ಜರುಗಿಸಿದರೆ ಹೆಲಿಕಾಪ್ಟರ್ ಬರುವುದಿಲ್ಲ ಅಂದುಕೊಂಡಿದ್ದೆ. ಎಲ್ಲಿಯ ಮಾತು! ಕರ್ನಾಟಕದ ಕೊಕ್ಕಡ, ಪಟ್ರಮೆಯಲ್ಲೂ ಅದೇ ಗೇರು, ಅದೇ ಮದ್ದು, ಮೇಲಿಂದಲೇ ಸುರಿದದ್ದು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು ಅಲ್ಲೂ ಇದ್ದಾರೆ. ಬೋರ್ಡು ಕನ್ನಡದಲ್ಲೇ ಇತ್ತು.

ನಿನ್ನೆ ಅಮ್ಮನಿಗೆ ಓದಿ ಹೇಳಿದೆ. ಅಡಿಕೆ ಸುಲಿಯುತ್ತಾ ಕೇಳಿದರು. "ಅವ ಅಲ್ಲಿಗೆ ಹೋಗಿ ಬೋರ್ಡು ಓದ್ತಾ ನಿಂತನಾ? ಬಾವಿ ಮುಚ್ಚಿ, ಮಕ್ಕಳನ್ನು ಒಳಗೆ ಕರೀರಿ ಅಂತ ಒಂದು ಮನೆಗಾದ್ರೂ ಹೇಳಬಹುದಿತ್ತಲ್ಲ."

ಬೋರ್ಡಿನ ಪ್ಯಾರಾ ಹೊಡೆದುಹಾಕಿದೆ. ಹುಡುಗ ಈಗ ಮೊದಲ ಮನೆಯ ಅಂಗಳದಲ್ಲಿದ್ದಾನೆ. ತುಳುವಿನಲ್ಲಿ ಮಾತಾಡಿಸಲೋ ಕನ್ನಡದಲ್ಲೋ ಅಂತ ಯೋಚಿಸುತ್ತಿದ್ದೇನೆ.