ಹಲಸಿನ ಮೈಯ ರೆಡ್ ಸ್ಪೆಷಲ್: ತುಮಕೂರಿನಲ್ಲಿ ನಡೆದ ಕೆಲಸದ ಟಿಪ್ಪಣಿ

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಬ್ರಯಾನ್ ಮೇ ನುಡಿಸುವ ರೆಡ್ ಸ್ಪೆಷಲ್ ಗಿಟಾರು ಯಾವ ಕಂಪನಿಯದ್ದೂ ಅಲ್ಲ. 1963ರ ಆಗಸ್ಟ್‌ನಲ್ಲಿ ಅವರೂ ತಂದೆ ಹೆರಾಲ್ಡ್ ಮೇ ಅವರೂ ಮನೆಯಲ್ಲೇ ಕಟ್ಟಲು ಕೂತು, ಸುಮಾರು ಎರಡು ವರ್ಷದಲ್ಲಿ ಮುಗಿಸಿದ ವಾದ್ಯ ಅದು. ಗಿಟಾರಿನ ಕತ್ತಿನ ಭಾಗಕ್ಕೆ ನೂರು ವರ್ಷಕ್ಕೂ ಹಳೆಯದಾದ ಅಗ್ಗಿಷ್ಟಿಕೆಯ ಮಹಾಗನಿ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದ್ದರು. ನಡುಮೈಗೆ ಹಳೆಯ ಮೇಜಿನ ಓಕ್. ಫ್ರೆಟ್‌ಬೋರ್ಡಿನ, ಅಂದರೆ ಬೆರಳೊತ್ತುವ ಪಟ್ಟಿಯ, ಚುಕ್ಕಿಗಳು ತಾಯಿಯ ಹೊಲಿಗೆ ಡಬ್ಬದ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ವರವನ್ನು ಅಲುಗಿಸುವ ಹಿಡಿಯ ಜೋಡಣೆಯಾದ ಟ್ರೆಮೊಲೊಗೆ 1928ರ ಪ್ಯಾಂಥರ್ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು, ಅದರ ಹಿಡಿಯ ತುದಿಗೆ ಸ್ವೆಟರ್ ಹೆಣೆಯುವ ಕಡ್ಡಿಯ ತುಂಡು. ದಶಕಗಟ್ಟಲೆ ಆ ಧ್ವನಿ ಕೇಳುತ್ತ ಬಂದವರಿಗೆ ಈ ಪಟ್ಟಿ ಬಾಯಿಪಾಠ.

ಆ ಗಿಟಾರನ್ನೇ ಇಲ್ಲಿ ಹಲಸಿನ ಮರದಲ್ಲಿ ಮತ್ತೆ ಕಟ್ಟುವ ಕೆಲಸದ ಟಿಪ್ಪಣಿ ಇದು. ಪಟ್ಟಿಯ ವಸ್ತುಗಳನ್ನೇ ಹುಡುಕಿ ತರಬೇಕೆಂಬ ಹಟ ಈ ಕೆಲಸದಲ್ಲಿಲ್ಲ. ಮನೆಯಲ್ಲಿ, ಊರಲ್ಲಿ ಸಿಗುವುದರಲ್ಲೇ ಕಟ್ಟುವುದು ಮೂಲ ಗಿಟಾರಿನ ಕ್ರಮ. ಹಾಗಾಗಿ ಮರ, ಸ್ಪ್ರಿಂಗು, ನಾಣ್ಯ ಎಲ್ಲ ಇಲ್ಲಿಯವೇ. ಬದಲಿಸಬಾರದೆಂದು ಇಟ್ಟುಕೊಂಡದ್ದು ಐದು: 24 ಇಂಚಿನ ಸ್ಕೇಲ್ (ನುಡಿಯುವ ತಂತಿಯ ಉದ್ದ), ಝೀರೋ ಫ್ರೆಟ್ (ಕತ್ತಿನ ತಲೆಯ ಕಡೆ ತಂತಿ ಕೂರುವ ಲೋಹದ ಮೆಟ್ಟು), ತಂತಿಗೆ ಎಲ್ಲೂ ಉಜ್ಜಾಟವಿಲ್ಲದ ಹಾದಿ, ಸೀರೀಸ್‌ನಲ್ಲಿ ಕೂತ ಮೂರು ಪಿಕಪ್ಪು (ತಂತಿಯ ಅದುರನ್ನು ವಿದ್ಯುತ್ ಸಿಗ್ನಲ್ಲಾಗಿಸುವ ಅಯಸ್ಕಾಂತ-ಸುರುಳಿ) ಮತ್ತು ಆರು ಸ್ವಿಚ್ಚು, ಆಂಪಿನ ಮುಂದೆ ತಾರವನ್ನು ಏರಿಸುವ ಟ್ರೆಬಲ್ ಬೂಸ್ಟರ್. ಮರದ ಮಹಿಮೆಯನ್ನು ಜನ ತೀರ ಹೆಚ್ಚು ಹೇಳುತ್ತಾರೆ. ಧ್ವನಿಯ ಗುಟ್ಟು ಬಹುಪಾಲು ಸ್ವಿಚ್ಚುಗಳಲ್ಲಿದೆ, ಅದನ್ನು ಕೆಳಗೆ ವಿವರವಾಗಿ ಬರೆದಿದೆ.

ಡಿಸೆಂಬರ್: ಮರ

ಗುಬ್ಬಿ ಕಡೆಯ ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ಹಲಸಿನ ಹಲಗೆ, 45 ಮಿ.ಮೀ. ದಪ್ಪ. ವೀಣೆ, ಮೃದಂಗಕ್ಕೆ ಆಗುವ ಮರ ಗಿಟಾರಿಗೂ ಆಗುತ್ತದೆ. ಹಳೆಯದೇ ಬೇಕು. ಹಸಿ ಹಲಸು ಒಣಗುವಾಗ ತಿರುಚಿಕೊಳ್ಳುತ್ತದೆ. ಸಾಮಿಲ್ಲಿನಲ್ಲಿ ಕೊಯ್ಯಿಸುವ ಮೊದಲು ಹಲಗೆಯ ಮೇಲೆಲ್ಲ ಅಯಸ್ಕಾಂತ ಓಡಿಸಿ ಮೊಳೆ ಹುಡುಕಬೇಕು. ಏಳು ಮೊಳೆ ಸಿಕ್ಕವು, ಎರಡು ತಲೆ ಮುರಿದು ಒಳಗೇ ಉಳಿದಿದ್ದವು. ಅದರಲ್ಲಿ ಒಂದು ತಗುಲಿದ್ದರೂ ಗರಗಸದ ಹಲ್ಲು ಹೋಗುತ್ತಿತ್ತು.

ಕತ್ತಿಗೆ ಹಳೆಯ ಬಾಗಿಲುವಾಡದ ತೇಗ. ಫ್ರೆಟ್‌ಬೋರ್ಡಿಗೆ ಮುರಿದ ಕುರ್ಚಿಯ ಬೀಟೆ ಪಟ್ಟಿ, 6 ಮಿ.ಮೀ. ದಪ್ಪಕ್ಕೆ ತೋಪಡ ಹೊಡೆದದ್ದು. ಮೂಲದಲ್ಲಿ ಇದು ಕಪ್ಪು ಬಳಿದ ಓಕ್. ಬೀಟೆಗೆ ಬಣ್ಣ ಬೇಡ.

ಜನವರಿ: ಫ್ರೆಟ್ಟು

24 ಇಂಚು ಅಂದರೆ 609.6 ಮಿ.ಮೀ. ಉಳಿದ ಉದ್ದವನ್ನು ಪ್ರತಿಸಲ 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್ಟಿನ ದೂರ ಬರುತ್ತದೆ. ಝೀರೋ ಫ್ರೆಟ್ಟಿನಿಂದ ಮೊದಲನೆಯದು 34.21, ಎರಡನೆಯದು 66.51, ಮೂರನೆಯದು 96.99, ಐದನೆಯದು 152.92, ಏಳನೆಯದು 202.74, ಹನ್ನೆರಡನೆಯದು ಸರಿಯಾಗಿ ಅರ್ಧ, 304.8. ಇಪ್ಪತ್ತನಾಲ್ಕನೆಯದು 457.2.

ಲೆಕ್ಕದಲ್ಲಿ ಯಾರೂ ಎಡವುವುದಿಲ್ಲ, ಎಡವುವುದು ಗುರುತು ಹಾಕುವಲ್ಲಿ. ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತ ಹೋದರೆ 0.2 ಮಿ.ಮೀ. ತಪ್ಪು ಒಂದೇ ಕಡೆಗೆ ಕೂಡುತ್ತ ಹೋಗಿ ಕೊನೆಗೆ 5 ಮಿ.ಮೀ. ಹತ್ತಿರ ಬರಬಹುದು. ಉಕ್ಕಿನ ಅಳತೆಪಟ್ಟಿಯನ್ನು ಝೀರೋ ಫ್ರೆಟ್ಟಿಗೆ ಕಚ್ಚಿಸಿ, ಕದಲಿಸದೆ, ಇಪ್ಪತ್ತನಾಲ್ಕನ್ನೂ ಅಲ್ಲಿಂದಲೇ ಅಳೆಯಬೇಕು. ಪೆನ್ಸಿಲ್ ಗೆರೆಯ ದಪ್ಪವೇ ಅರ್ಧ ಮಿ.ಮೀ. ಇರುತ್ತದೆ, ಆದ್ದರಿಂದ ಬ್ಲೇಡಿನ ತುದಿಯಿಂದ ಗೀರುವುದು.

ಫ್ರೆಟ್ ತಂತಿಯ ಕಾಲು ನಮ್ಮದು 0.55 ಮಿ.ಮೀ. ಮಾಮೂಲಿ ಹ್ಯಾಕ್ಸಾ ಬ್ಲೇಡು ಇದಕ್ಕಿಂತ ಅಗಲವಾಗಿ ಕೊಯ್ಯುತ್ತದೆ, ಫ್ರೆಟ್ಟು ಸಡಿಲವಾಗಿ ಮೇಲೇಳುತ್ತದೆ. ಸಣ್ಣ ಹಲ್ಲಿನ ಬೆನ್ನುಪಟ್ಟಿ ಗರಗಸವನ್ನು ಎರಡೂ ಕಡೆ ಎಣ್ಣೆಗಲ್ಲಿನ ಮೇಲೆ ಉಜ್ಜಿ, ಹಲ್ಲಿನ ಹೊರಬಾಗು ತಗ್ಗಿಸಿದ ಮೇಲೆ ಗೀರು 0.5ಕ್ಕೆ ಬಂತು. ಬೇಡದ ತುಂಡಿನಲ್ಲಿ ಐದಾರು ಸಲ ಕೊಯ್ದು, ಫ್ರೆಟ್ಟು ಬಡಿದು, ಇಕ್ಕಳದಿಂದ ಎಳೆದು ನೋಡಿದ ಮೇಲೆಯೇ ಬೀಟೆಗೆ ಕೈ ಹಚ್ಚಬೇಕು.

ಝೀರೋ ಫ್ರೆಟ್ಟಿದ್ದಾಗ ಅದರ ಹಿಂದಿನ ನಟ್ಟಿನ (ತಂತಿ ಹಾಯುವ ಕೊರೆಗಳಿರುವ ಪಟ್ಟಿಯ) ಕೆಲಸ ತಂತಿಗೆ ದಾರಿ ತೋರಿಸುವುದಷ್ಟೆ. ಎತ್ತರ ಕಾಯುವುದು ಫ್ರೆಟ್ಟು. ನಟ್ಟಿನ ಕೊರೆ ತಂತಿಗಿಂತ ಒಂದು ಕೂದಲು ಅಗಲವಿದ್ದರೂ ನಷ್ಟವಿಲ್ಲ, ಬಿಗಿಯಿದ್ದರೆ ಶ್ರುತಿ ಹೋಗುತ್ತದೆ. ಕತ್ತಿನ ಬಾಗು ನೋಡಲು ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಸಾಕು. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಎಂಟನೆಯ ಫ್ರೆಟ್ಟಿನ ಮೇಲೆ 0.2 ಮಿ.ಮೀ. ಎಲೆ ತೂರಿದರೆ ಸರಿಯಾಗಿದೆ.

ಫೆಬ್ರವರಿ: ಸ್ಪ್ರಿಂಗು ಮತ್ತು ಕತ್ತಿಯಂಚು

ಅತಿ ಹೆಚ್ಚು ದಿನ ಹಿಡಿದದ್ದು ಇದೇ. ರೆಡ್ ಸ್ಪೆಷಲ್‌ನ ಟ್ರೆಮೊಲೊ ಒಂದು ತಕ್ಕಡಿ. ಉಕ್ಕಿನ ಕತ್ತಿಯಂಚಿನ ಮೇಲೆ ತಟ್ಟೆ ಕೂತಿರುತ್ತದೆ. ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಬೋಲ್ಟಿನ ಮೇಲೆ ಒತ್ತಿಕೊಂಡಿರುವ ಎರಡು ವಾಲ್ವ್ ಸ್ಪ್ರಿಂಗು.

9ರಿಂದ 42ರ (0.009ರಿಂದ 0.042 ಇಂಚು ದಪ್ಪದ) ತಂತಿ ಸೆಟ್ಟು 24 ಇಂಚಿನಲ್ಲಿ ಮಾಮೂಲಿ ಶ್ರುತಿಗೆ ಏರಿದಾಗ ಆರೂ ಸೇರಿ ಸುಮಾರು 34 ಕೆ.ಜಿ. ಎಳೆಯುತ್ತವೆ. ತಂತಿ ಕತ್ತಿಯಂಚಿನಿಂದ 12 ಮಿ.ಮೀ. ಮೇಲೆ, ಸ್ಪ್ರಿಂಗು 24 ಮಿ.ಮೀ. ಕೆಳಗೆ. ದೂರ ಎರಡರಷ್ಟಾದ್ದರಿಂದ ಸ್ಪ್ರಿಂಗುಗಳ ಪಾಲಿಗೆ ಅರ್ಧ, ಅಂದರೆ 17 ಕೆ.ಜಿ., ತಲಾ 8.5.

ಮೊದಲು ಬುಲೆಟ್‌ನ ಹಳೆಯ ವಾಲ್ವ್ ಸ್ಪ್ರಿಂಗು ಹಾಕಿದ್ದಾಯಿತು. ಪ್ಯಾಂಥರ್‌ಗೆ ಜೋಡಿಯಾಗಿ ಬುಲೆಟ್ ಎಂಬ ಆಸೆ. ಆದರೆ ವಿಪರೀತ ಗಡಸು. ಅಷ್ಟು ಭಾರಕ್ಕೆ 3 ಮಿ.ಮೀ. ಕೂಡ ಕುಗ್ಗಲಿಲ್ಲ, ಹಿಡಿ ಒತ್ತಿದರೆ ಕೈ ನೋಯುತ್ತದೆ, ಸ್ವರ ಅಲುಗುವುದಿಲ್ಲ. ಆಮೇಲೆ 100 ಸಿಸಿ ಬೈಕುಗಳ ಸ್ಪ್ರಿಂಗುಗಳನ್ನು ಗ್ಯಾರೇಜಿನ ಹಳೆ ಸಾಮಾನಿನ ಡಬ್ಬದಿಂದ ಆರಿಸಿ ಒಂದೊಂದನ್ನೂ ತೂಗಿ ನೋಡಿದ್ದು ಹೀಗೆ: ಸ್ಪ್ರಿಂಗನ್ನು ಮೇಜಿನ ಮೇಲೆ ನಿಲ್ಲಿಸಿ, ಒಳಗೆ ಸಡಿಲವಾದ ಕಂಬಿ ತೂರಿಸಿ, ತಲೆಯ ಮೇಲೆ ಹಲಗೆ ಇಟ್ಟು, ದಿನಸಿ ಅಂಗಡಿಯ ತೂಕದ ಕಲ್ಲು ಒಂದೊಂದಾಗಿ ಏರಿಸುವುದು. 5, 2, 1, ಕೊನೆಗೆ ಅರ್ಧ ಕೆ.ಜಿ. 8.5ಕ್ಕೆ 6ರಿಂದ 7 ಮಿ.ಮೀ. ಕುಗ್ಗುವ ಸ್ಪ್ರಿಂಗು ಬೇಕು. ಹನ್ನೊಂದರಲ್ಲಿ ನಾಲ್ಕು ಹೊಂದಿದವು, ಆ ನಾಲ್ಕರಲ್ಲಿ ಒಂದೇ ಅಳತೆಗೆ ಕುಗ್ಗುವ ಜೋಡಿ ಒಂದೇ. ಜೋಡಿ ಸಮವಿಲ್ಲದಿದ್ದರೆ ತಟ್ಟೆ ಓರೆಯಾಗಿ ಕತ್ತಿಯಂಚಿನ ಒಂದು ಮೂಲೆ ಸವೆಯುತ್ತದೆ.

ಕತ್ತಿಯಂಚನ್ನು ಮೊದಲು ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪಟ್ಟಿಯಲ್ಲಿ ಮಾಡಿಸಿದ್ದು ತಪ್ಪು. ಮೂರು ದಿನಕ್ಕೆ ಅಂಚು ಮಡಚಿಕೊಂಡು, ಹಿಡಿ ಬಿಟ್ಟಾಗ ಸಣ್ಣ ತಂತಿ ಪ್ರತಿಸಲ ಬೇರೆ ಬೇರೆ ಸ್ವರಕ್ಕೆ ಬಂದು ನಿಲ್ಲುತ್ತಿತ್ತು. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪವರ್ ಹ್ಯಾಕ್ಸಾದ ಮುರಿದ ಬ್ಲೇಡು ಸಿಗುತ್ತದೆ, ಹೈಸ್ಪೀಡ್ ಸ್ಟೀಲ್. ಅದನ್ನು ಗ್ರೈಂಡರಿನಲ್ಲಿ ನೀರು ಸುರಿಯುತ್ತ ಮಸೆದು, ಅಂಚನ್ನು ಕೊನೆಗೆ ಎಣ್ಣೆಗಲ್ಲಿನಲ್ಲಿ ತಿದ್ದಬೇಕು. ಕ್ಷೌರದ ಕತ್ತಿಯಷ್ಟು ಚೂಪು ಬೇಡ, ಅಷ್ಟು ತೆಳುವಾದರೆ ಚಕ್ಕೆ ಏಳುತ್ತದೆ. ಉಗುರಿನ ಮೇಲೆ ಇಟ್ಟರೆ ಜಾರದೆ ನಿಲ್ಲುವಷ್ಟು ಸಾಕು.

ಕುದುರೆಯ (ತಂತಿಗಳು ಕೂರುವ ಬ್ರಿಜ್‌ನ) ಮೇಲೆ ತಂತಿಗೆ ಒಂದರಂತೆ ಉಕ್ಕಿನ ಉರುಳೆ, 6 ಮಿ.ಮೀ. ವ್ಯಾಸ. ಲೇತ್ ಅಂಗಡಿಯೊಂದರಲ್ಲಿ ಮಾಡಿಸಿದ ಮೊದಲ ಆರರಲ್ಲಿ ಕೊರೆ ನಡುವಿಗಿರಲಿಲ್ಲ, ತಂತಿಗಳ ನಡುವಣ ಅಂತರ ಹೆಚ್ಚುಕಡಿಮೆಯಾಯಿತು. ಎರಡನೇ ಸಲ ಡ್ರಾಯಿಂಗ್ ಬರೆದುಕೊಟ್ಟ ಮೇಲೆ ಸರಿಯಾದವು. ಬಾಯಿಮಾತಿನಲ್ಲಿ ಅಳತೆ ಹೇಳಬೇಡಿ.

ಮಾರ್ಚ್: ಪಿಕಪ್ಪು

ಬ್ರಯಾನ್ ಮೊದಲು ಗುಂಡಿ ಅಯಸ್ಕಾಂತಗಳಿಂದ ತಾವೇ ಪಿಕಪ್ಪು ಸುತ್ತಿದ್ದರು. ತಂತಿ ಎಳೆದು ಬಾಗಿಸಿದಾಗ ಸ್ವರ ಏರುಪೇರಾಗುತ್ತಿತ್ತು, ಯಾಕೆಂದರೆ ಪಕ್ಕಪಕ್ಕದ ಧ್ರುವಗಳು ಉತ್ತರ, ದಕ್ಷಿಣ ಎಂದು ಬದಲಾಗುತ್ತಿದ್ದವು. ಕೊನೆಗೆ ಬರ್ನ್ಸ್ ಕಂಪನಿಯ ಟ್ರೈ-ಸಾನಿಕ್ ಪಿಕಪ್ಪು ಕೊಂಡು, ಒಳಗೆ ಅರಾಲ್ಡೈಟ್ ತುಂಬಿದರು. ತುಂಬದಿದ್ದರೆ ಸುರುಳಿಯೂ ಲೋಹದ ಮುಚ್ಚಳವೂ ಅದುರಿ, ಆಂಪ್ ಜೋರು ಮಾಡಿದೊಡನೆ ಕೀರಲು ಶುರು.

ನಮ್ಮವು ಅದೇ ಬಗೆಯ ಮೂರು. ಅರಾಲ್ಡೈಟ್ ತುಂಬುವಾಗ ಬೇಗ ಗಟ್ಟಿಯಾಗುವ ಪ್ಯಾಕು ಬೇಡ, ಒಳಗೆ ಇಳಿಯುವ ಮೊದಲೇ ಹೆಪ್ಪುಗಟ್ಟುತ್ತದೆ. ನಿಧಾನದ್ದನ್ನು ಕಲಸಿ, ಹೇರ್ ಡ್ರೈಯರಿನಿಂದ ಹದವಾಗಿ ಬೆಚ್ಚಗೆ ಮಾಡಿದರೆ ಜೇನಿನಂತೆ ಹರಿಯುತ್ತದೆ. ತುಂಬಿದ ಮೇಲೆ ಒಂದು ದಿನ ಮುಟ್ಟಬಾರದು. ಹಾಕುವ ಮೊದಲು ಮೀಟರಿನಲ್ಲಿ ಓಮ್ ನೋಡಿ ಬರೆದಿಡಿ. ಅರಾಲ್ಡೈಟ್ ಕುಳಿತ ಮೇಲೆ ಕಡಿದ ತಂತಿಯನ್ನು ಸರಿಮಾಡಲು ಆಗುವುದೇ ಇಲ್ಲ.

ಸ್ವಿಚ್ಚು

ಮಾಮೂಲಿ ಗಿಟಾರಿನಲ್ಲಿ ಪಿಕಪ್ಪುಗಳು ಪ್ಯಾರಲಲ್. ಇಲ್ಲಿ ಮೂರೂ ಸೀರೀಸ್, ಹಬ್ಬದ ಬಣ್ಣದ ದೀಪದ ಸರದ ಹಾಗೆ ಒಂದರ ಬಾಲಕ್ಕೆ ಇನ್ನೊಂದರ ತಲೆ. ಹಾಗಾಗಿ ಎರಡು ಸೇರಿದಾಗ ಧ್ವನಿ ತೆಳುವಾಗುವ ಬದಲು ದಪ್ಪವಾಗಿ, ಜೋರಾಗಿ ಬರುತ್ತದೆ. ಪ್ರತಿ ಪಿಕಪ್ಪಿಗೂ ಎರಡು ಸ್ಲೈಡ್ ಸ್ವಿಚ್ಚು: ಒಂದು ಆನ್-ಆಫ್, ಇನ್ನೊಂದು ಫೇಸ್, ಅಂದರೆ ಸಿಗ್ನಲ್ಲನ್ನು ತಿರುಗುಮುರುಗು ಮಾಡುವುದು.

ಮೊದಲ ಸಲ ಕಟ್ಟುವವರೆಲ್ಲ ಮಾಡುವ ತಪ್ಪು ಆನ್-ಆಫ್‌ನಲ್ಲಿ. ಆಫ್ ಎಂದರೆ ತಂತಿ ಬಿಡಿಸುವುದು ಎಂದುಕೊಂಡು ಜೋಡಿಸಿದರೆ, ಒಂದು ಪಿಕಪ್ಪು ಆಫ್ ಮಾಡಿದ ಕೂಡಲೇ ಇಡೀ ಗಿಟಾರು ಸುಮ್ಮನಾಗುತ್ತದೆ. ಸರದ ಒಂದು ಬಲ್ಬು ಕಿತ್ತರೆ ಎಲ್ಲ ಆರುವಂತೆ. ಸೀರೀಸ್‌ನಲ್ಲಿ ಆಫ್ ಎಂದರೆ ಆ ಪಿಕಪ್ಪಿನ ಎರಡು ತುದಿಗಳನ್ನು ಒಂದಕ್ಕೊಂದು ಶಾರ್ಟ್ ಮಾಡುವುದು, ಸಿಗ್ನಲ್ಲು ಅದನ್ನು ದಾಟಿ ಹೋಗಬೇಕು.

ಫೇಸ್‌ಗೆ ಆರು ಕಾಲಿನ ಡಿಪಿಡಿಟಿ ಸ್ವಿಚ್ಚು, ಎರಡು ತಂತಿಯನ್ನು ಒಟ್ಟಿಗೆ ಅತ್ತಿತ್ತ ಮಾಡುವಂಥದ್ದು. ನಡುವಿನ ಎರಡು ಕಾಲಿಗೆ ಪಿಕಪ್ಪು. ಮೇಲಿನ ಎರಡರಿಂದ ಕೆಳಗಿನ ಎರಡಕ್ಕೆ ಅಡ್ಡಡ್ಡ, ಗುಣಾಕಾರದ ಗುರುತಿನಂತೆ, ಇನ್ಸುಲೇಶನ್ ಇರುವ ತಂತಿ. ಮೇಲಿನ ಎರಡರಿಂದ ಹೊರಗೆ. ಬೆಸುಗೆ ಒಂದು ಕಾಲಿಗೆ 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಪ್ಲಾಸ್ಟಿಕ್ ಕರಗಿ ಕಾಲು ಅಲುಗಾಡುತ್ತದೆ, ಆಮೇಲೆ ಆ ಸ್ವಿಚ್ಚು ಕರಕರ ಅನ್ನುವುದು ನಿಲ್ಲುವುದಿಲ್ಲ. ನಮ್ಮಲ್ಲಿ ಎರಡು ಹೀಗೆ ಹಾಳಾದವು.

ಇನ್ನೊಂದು ತೊಡಕು ತಿಳಿಯಲು ಎರಡು ಸಂಜೆ ಹೋಯಿತು. ಗಿಟಾರು ಕೆಲಸ ಮಾಡುತ್ತಿತ್ತು, ಆದರೆ ನಡುವಿನ ಪಿಕಪ್ಪಿನ ಫೇಸ್ ತಿರುಗಿಸಿದಾಗ ಮಾತ್ರ ಗುಂಯ್ ಎಂಬ ಹಮ್, ಮುಚ್ಚಳಕ್ಕೆ ಬೆರಳು ತಾಗಿದರೆ ಇನ್ನೂ ಜೋರು. ಕಾರಣ: ಪಿಕಪ್ಪಿನ ಲೋಹದ ಮುಚ್ಚಳ ಸುರುಳಿಯ ಒಂದು ತುದಿಗೇ ಬೆಸೆದಿರುತ್ತದೆ. ಫೇಸ್ ತಿರುಗಿದಾಗ ಆ ತುದಿ ಸಿಗ್ನಲ್ ಕಡೆಗೆ ಹೋಗಿ, ಮುಚ್ಚಳ ಆಂಟೆನಾ ಆಗಿಬಿಡುತ್ತದೆ. ಮುಚ್ಚಳವನ್ನು ಸುರುಳಿಯಿಂದ ಬಿಡಿಸಿ, ಅದಕ್ಕೆ ಬೇರೆಯದೇ ಮೂರನೇ ತಂತಿ ಹಾಕಿ ನೇರ ಅರ್ತ್‌ಗೆ ಕೊಟ್ಟ ಮೇಲೆ ಹಮ್ ಹೋಯಿತು. ಇದನ್ನು ಅರಾಲ್ಡೈಟ್ ಸುರಿಯುವ ಮೊದಲೇ ಮಾಡಬೇಕಿತ್ತು. ಒಂದು ಪಿಕಪ್ಪಿನಲ್ಲಿ ಉಳಿಯ ತುದಿಯಿಂದ ಗಟ್ಟಿ ಅಂಟನ್ನು ಕೆರೆದು ತೆಗೆಯಬೇಕಾಯಿತು.

ಯಾವುದು ಯಾವ ಫೇಸ್‌ನಲ್ಲಿದೆ ಎಂದು ಮೊದಲೇ ತಿಳಿಯಲು ಮುಳ್ಳಿನ ಮೀಟರು ಬೇಕು. ಪಿಕಪ್ಪಿಗೆ ಮೀಟರು ಹಚ್ಚಿ, ಸ್ಕ್ರೂಡ್ರೈವರನ್ನು ಮೇಲೆ ಅಂಟಿಸಿ ತಟ್ಟನೆ ಎಳೆದರೆ ಮುಳ್ಳು ಒಂದು ಕಡೆ ಜಿಗಿಯುತ್ತದೆ. ಮೂರಕ್ಕೂ ಒಂದೇ ಕಡೆ ಜಿಗಿಯುವಂತೆ ತಂತಿಗೆ ಬಣ್ಣ ಗುರುತಿಸಿಕೊಳ್ಳಿ.

ಒಂದೇ ಪಿಕಪ್ಪು ಆನ್ ಇದ್ದಾಗ ಫೇಸ್ ತಿರುಗಿಸಿದರೆ ಕಿವಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಲೆಕ್ಕ ಹಾಕಿದರೆ ಒಂಟಿಯಾಗಿ 3, ಜೋಡಿಯಲ್ಲಿ 6, ಮೂರೂ ಸೇರಿ 4, ಒಟ್ಟು 13 ಬೇರೆ ಬೇರೆ ಧ್ವನಿ. ಬ್ರಯಾನ್ ಹೆಚ್ಚು ಬಳಸುವುದು ಕುದುರೆಯ ಕಡೆಯದು ಮತ್ತು ನಡುವಿನದು, ಒಂದೇ ಫೇಸ್‌ನಲ್ಲಿ. ತುಂಬಿದ, ದುಂಡಗಿನ ಧ್ವನಿ ಅದು. ಕತ್ತಿನ ಕಡೆಯದನ್ನೂ ನಡುವಿನದನ್ನೂ ವಿರುದ್ಧ ಫೇಸ್‌ಗೆ ತಳ್ಳಿ ಮೇಲಿನ ಫ್ರೆಟ್ಟಿನಲ್ಲಿ ಒಂದು ತಂತಿ ಬಾಗಿಸಿ ನೋಡಿ: ಮಂದ್ರವೆಲ್ಲ ಒಂದನ್ನೊಂದು ಕಳೆದುಕೊಂಡು ಉಳಿದ ತಾರದ ಚೀರು ಗಂಟಲಿನಿಂದ ಬಂದ ಹಾಗಿರುತ್ತದೆ. ಅಷ್ಟು ವರ್ಷ ರೆಕಾರ್ಡಿನಲ್ಲಿ ಕೇಳಿದ್ದು ಕೈಯಳತೆಯಲ್ಲಿ, ಹಲಸಿನ ಹಲಗೆಯಿಂದ ಹೊರಟಾಗ ಮೈ ಜುಂ ಎನ್ನುತ್ತದೆ.

ಏಪ್ರಿಲ್: ಬೂಸ್ಟರ್ ಮತ್ತು ಬಿಸಿಲು

ವಾಕ್ಸ್ ಎಸಿ30 ಆಂಪ್ ಮತ್ತು ಟ್ರೆಬಲ್ ಬೂಸ್ಟರ್ ಜೋಡಿಯ ಸುಳಿವು ಬ್ರಯಾನ್‌ಗೆ ಸಿಕ್ಕಿದ್ದು ಐರಿಷ್ ಗಿಟಾರ್ ವಾದಕ ರೋರಿ ಗ್ಯಾಲಘರ್ ಅವರಿಂದ. ಅಂಥ ಬೂಸ್ಟರ್ ಆದ ಡಲ್ಲಾಸ್ ರೇಂಜ್‌ಮಾಸ್ಟರ್‌ನ ಸರ್ಕ್ಯೂಟ್ ತೀರ ಚಿಕ್ಕದು: ಒಂದು ಜರ್ಮೇನಿಯಂ ಟ್ರಾನ್ಸಿಸ್ಟರು, ಇನ್‌ಪುಟ್‌ನಲ್ಲಿ 4.7 ನ್ಯಾನೋಫ್ಯಾರಡ್, 470 ಕೆ ಮತ್ತು 68 ಕೆ ರೆಸಿಸ್ಟರು, ಎಮಿಟರಿಗೆ 3.9 ಕೆ ಮತ್ತು 47 ಮೈಕ್ರೋಫ್ಯಾರಡ್, ಕಲೆಕ್ಟರಿನಲ್ಲಿ 10 ಕೆ ಪಾಟ್, ಔಟ್‌ಪುಟ್‌ಗೆ 10 ನ್ಯಾನೋಫ್ಯಾರಡ್. ಮಂದ್ರವನ್ನು ಕತ್ತರಿಸುವುದು ಆ ಮೊದಲ ಸಣ್ಣ ಕೆಪಾಸಿಟರು. ಮೂಲದ ಓಸಿ44 ಬದಲು ಹಳೆಯ ಟ್ರಾನ್ಸಿಸ್ಟರ್ ರೇಡಿಯೊದಿಂದ ಬಿಚ್ಚಿದ ಎಸಿ128. ಇದು ಪಿಎನ್‌ಪಿ, ಬ್ಯಾಟರಿಯ ಪ್ಲಸ್ಸು ಅರ್ತ್‌ಗೆ ಬರುತ್ತದೆ. ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿಗೆ ಸಿಕ್ಕಿಸಿದರೆ ಶಾರ್ಟ್. 9 ವೋಲ್ಟ್ ಬ್ಯಾಟರಿಯೇ ಇರಲಿ.

ಜರ್ಮೇನಿಯಂನ ಸೋರಿಕೆ ಸುಮಾರು 10 ಡಿಗ್ರಿ ಏರಿದರೆ ಎರಡರಷ್ಟಾಗುತ್ತದೆ. ಬೆಳಿಗ್ಗೆ ಕಲೆಕ್ಟರಿನಲ್ಲಿ 7 ವೋಲ್ಟ್ ಇಟ್ಟದ್ದು ಶೀಟ್ ಮನೆಯಲ್ಲಿ ಮಧ್ಯಾಹ್ನ ಎರಡಕ್ಕೆ 5.6ಕ್ಕೆ ಇಳಿದು, ಧ್ವನಿ ಒಡೆದ ತಮಟೆಯಂತಾಯಿತು. 68 ಕೆ ಜಾಗಕ್ಕೆ 100 ಕೆ ಪ್ರಿಸೆಟ್ ಹಾಕಿ, ನುಡಿಸುವ ಹೊತ್ತಿನ ಬಿಸಿಗೆ 7 ವೋಲ್ಟ್ ತಂದುಕೊಳ್ಳುವುದು ಸುಲಭ ದಾರಿ. ಡಬ್ಬದಲ್ಲಿ ಸ್ಕ್ರೂಡ್ರೈವರಿಗೊಂದು ತೂತು ಬಿಡಿ.

ನಾಣ್ಯ

ಬ್ರಯಾನ್ ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬದಲು ಬ್ರಿಟನ್ನಿನ ಹಳೆಯ ಸಿಕ್ಸ್‌ಪೆನ್ಸ್ ನಾಣ್ಯದಿಂದ ನುಡಿಸುತ್ತಾರೆ. ಅಂಚಿನ ಗೀರು ತಂತಿಗೆ ತಾಗಿ ಸ್ವರದ ಮೊದಲಲ್ಲಿ ಸಣ್ಣ ಕರಕು ಬರುತ್ತದೆ. ಅದರ ವ್ಯಾಸ ಸುಮಾರು 19 ಮಿ.ಮೀ., ನಮ್ಮ ನಾಲ್ಕಾಣೆಯದೂ ಅಷ್ಟೇ. 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಆದರೆ ಹಳೆಯ ಹುಂಡಿಗಳಲ್ಲಿ ಬೇಕಾದಷ್ಟಿದೆ. ಸ್ಟೀಲಿನದ್ದು ಬೇಡ. ಅಯಸ್ಕಾಂತಕ್ಕೆ ಅಂಟುವ ನಾಣ್ಯ ಪಿಕಪ್ಪಿನ ಹತ್ತಿರ ಹೋದಾಗಲೆಲ್ಲ ಟಕ್ ಟಕ್ ಸದ್ದು ಬರುತ್ತದೆ. ಅಂಟದ ಹಳೆಯ ತಾಮ್ರ-ನಿಕಲ್ ನಾಲ್ಕಾಣೆ, ಅಂಚಿನಲ್ಲಿ ಗೀರು ಇರುವುದು, ಅದನ್ನೇ ಆರಿಸಿ.

ಈಗಿನ ಸ್ಥಿತಿ

ತಂತಿ ಏರಿಸಿ ಹನ್ನೆರಡು ದಿನ. ಹಿಡಿಯನ್ನು ಪೂರ್ತಿ ಒತ್ತಿ ಬಿಟ್ಟರೆ ಐದು ತಂತಿ ಶ್ರುತಿಗೆ ಮರಳುತ್ತವೆ, ಮೂರನೆಯದು ಸ್ವಲ್ಪ ಮೇಲೇ ನಿಲ್ಲುತ್ತದೆ. ಅದರ ಉರುಳೆಯ ಕಂಬಿಯಲ್ಲಿ ಬರ್ (ಲೋಹದ ಸಣ್ಣ ಮುಳ್ಳು) ಇದೆ, ಬಿಚ್ಚಿ ಉಜ್ಜಬೇಕು. ಪಾಲಿಶ್ ಇನ್ನೂ ಆಗಿಲ್ಲ. ಉಪ್ಪುಕಾಗದ 320ರವರೆಗೆ ಮುಗಿದಿದೆ. ಗಾಳಿ ತೇವವಿದ್ದಾಗ ಬಳಿದರೆ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ, ಆದ್ದರಿಂದ ಮುಂಗಾರು ಹಿಡಿಯುವ ಮೊದಲು ಮೊದಲ ನಾಲ್ಕು ಕೈ ಮುಗಿಸಬೇಕು, ಒಂದೊಂದು ಕೈಗೆ ಒಂದು ದಿನದ ಬಿಡುವು ಕೊಟ್ಟು.